ಹದಿನೇಳಕ್ಕೂ ಹದಿನೆಂಟಕ್ಕೂ ನಡುವೆ

ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯದ ಸೋಮಾರಿ ಎಂದು ಬೈದುಕೋ, ಆದರೆ ಓದದೆ ಹರಿದುಹಾಕಬೇಡ. ನಾವು ಉಸಿರಾಡಿಕೊಂಡಿದ್ದೇವೆ. ಅಡುಗೆಮನೆಯ ನಲ್ಲಿ ಇನ್ನೂ ಸೋರುತ್ತಿದೆ.

ಅಪ್ಪ ಕೆಲಸ ಯಾಕೆ ಬಿಟ್ಟರು ಎಂದು ಕೇಳಿದ್ದೀಯ. ಬಿಟ್ಟಿದ್ದಲ್ಲ, ಬಿಡಿಸಿದರು. ಕಾರ್ಖಾನೆಯ ಕ್ರೇನ್ ತಾನಾಗಿ ಓಡುವಂತೆ ನಾನು ಲೆಕ್ಕ ಬರೆದುಕೊಟ್ಟೆನಲ್ಲ, ಮೂವತ್ತು ವರ್ಷ ಅದನ್ನು ಓಡಿಸಿದ ಅಪ್ಪ ಅಂದಿನಿಂದ ಕ್ಯಾಬಿನ್ನಿನಲ್ಲಿ ಬರೀ ಕಾವಲು ಕೂರುತ್ತಿದ್ದರು. "ಮಗಳು ಓಡಿಸ್ತಾಳೆ, ನಾನು ಆಕಳಿಸ್ತೀನಿ" ಎಂದು ಕಂಡಕಂಡವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಹೋದ ತಿಂಗಳು ಉಕ್ಕಿನ ಹಾಳೆಗಳ ಕಟ್ಟು ವಿಪರೀತ ತೂಗಾಡಿ, ಕೆಳಗೆ ಕೊಂಡಿ ಹಾಕುವವನಿಗೆ ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ, ಪಾಪ.

ಆದಷ್ಟು ಬೇಗ, ಆದರೆ ಮಿತಿ ಮೀರಿ ತೂಗಾಡದಂತೆ ಭಾರವನ್ನು ಆಚೆ ಮುಟ್ಟಿಸುವುದು ನನ್ನ ಲೆಕ್ಕ. ಇಡೀ ಓಟದಲ್ಲಿ ನಲವತ್ತು ಬಿಂದು ಗುರುತಿಸಿ, ಒಂದೊಂದರಲ್ಲೂ ತೂಗಾಟ ಮಿತಿಯೊಳಗಿದೆಯೇ ಎಂದು ನೋಡುತ್ತೇವೆ. ನೀನು ರವಿಕೆಗೆ ತೋಳು ಕೂಡಿಸುವ ಕಡೆ ಹೊಲಿಗೆ ಒತ್ತಾಗಿ ಹಾಕುತ್ತೀಯಲ್ಲ, ಹಾಗೆಯೇ ಓಟ ತಿರುಗುವ ಕಡೆ ಬಿಂದುಗಳನ್ನು ಒತ್ತಾಗಿಸಿ ಮತ್ತೆ ಮತ್ತೆ ಲೆಕ್ಕ ಮಾಡಬೇಕು. ಮ್ಯಾನೇಜರು "ಬೇಗ ಮುಗಿಸಮ್ಮ" ಎಂದರು. ನಾನು ಒಂದೇ ಸುತ್ತಿನಲ್ಲಿ ಮುಗಿಸಿದೆ.

ವಿಚಾರಣೆಯಲ್ಲಿ, "ನಲವತ್ತು ಬಿಂದುಗಳಲ್ಲೂ ಸರಿಯಿದೆ" ಎಂದೆ. ಅದು ಸುಳ್ಳಲ್ಲ. ಲೆಕ್ಕ ಸರಿಯಿದ್ದರೆ ತಪ್ಪು ಕೈಯದ್ದೇ ಎಂದರು ದೊಡ್ಡವರು. ಅಲ್ಲಿಯವರೆಗೆ "ನಾನು ಲಿವರ್ ಮುಟ್ಟೇ ಇಲ್ಲ ಸ್ವಾಮಿ" ಎನ್ನುತ್ತಿದ್ದ ಅಪ್ಪ, ನನ್ನ ಮಾತು ಕೇಳಿದ ಮೇಲೆ ತಮ್ಮ ಕೈ ನೋಡಿಕೊಂಡರು. "ನನ್ನ ಮಗಳ ಲೆಕ್ಕ ತಪ್ಪೋದಿಲ್ಲ. ನನ್ನ ಕೈಯೇ ತಾಕಿರ್ಬೇಕು, ವಯಸ್ಸಾಯ್ತು."

ಈಗ ಊಟದ ತಟ್ಟೆಯ ಮುಂದೆಯೂ ಬಲಗೈಯನ್ನು ಗಾಳಿಯಲ್ಲಿ ಆಡಿಸುತ್ತಾ, ಯಾವಾಗ ತಾಕಿತು ಎಂದು ಹುಡುಕುತ್ತಾರೆ. "ಇಲ್ಲೇ ಇರ್ಬೇಕು ನೋಡು" ಎಂದು ನನಗೂ ತೋರಿಸುತ್ತಾರೆ. ನಾನು ಸಾರು ಬಡಿಸುತ್ತೇನೆ ಅಕ್ಕಾ.

ಮಕ್ಕಳಿಗೆ ಅಪ್ಪ ಆಶೀರ್ವಾದ ತಿಳಿಸಿದ್ದಾರೆ, ಚೆನ್ನಾಗಿ ಓದಿ ಚಿಕ್ಕಮ್ಮನ ಹಾಗೆ ಆಗಬೇಕಂತೆ. ಭಾವನಿಗೆ ನಮಸ್ಕಾರ.

ನಿನ್ನ ತಂಗಿ,
ಮೊಂಡಿ

ತಾ.ಕ.: ಬಿಂದುಗಳನ್ನು ಒತ್ತಾಗಿಸಿ ನೋಡಿದೆ. ಹದಿನೇಳಕ್ಕೂ ಹದಿನೆಂಟಕ್ಕೂ ನಡುವೆ ಭಾರ ತೂಗಾಡಿ ಮಿತಿ ದಾಟುತ್ತದೆ, ಸರಿಯಾಗಿ ಆ ಕೊಂಡಿಯವನು ನಿಂತಿದ್ದ ಜಾಗದವರೆಗೆ. ಇದನ್ನು ನೋಡಿದ್ದು ವಿಚಾರಣೆಯ ಹಿಂದಿನ ದಿನ. ತಪ್ಪೊಪ್ಪಿಗೆಗೆ ಸಹಿ ಹಾಕಲು ಅಪ್ಪ ಪೆನ್ನು ಕೇಳಿದಾಗ, ನನ್ನದನ್ನೇ ಕೊಟ್ಟೆ.