ಹದಿನಾಲ್ಕು ಮಾತ್ರೆಗಳ ಪಾಲು

ಹಾಸ್ಟೆಲ್, ಎರಡನೇ ಮಹಡಿ
ಮಂಗಳವಾರ, 9ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ಇಡೀ ದಿನ ಹಲ್ಲಿನ ಡಾಕ್ಟರ ಪಕ್ಕದಲ್ಲಿ ಬಗ್ಗಿ ನಿಂತು, ಅಳುವ ಮಕ್ಕಳಿಗೆ "ಬಾಯಿ ತೆಗಿ ಕಂದಾ, ಬಾಯಿ ತೆಗಿ" ಅನ್ನುತ್ತಿದ್ದರೆ ಸೊಂಟ ಎಲ್ಲಿ ಉಳಿಯುತ್ತದೆ? ಕೂರಲು ಒಂದು ಸ್ಟೂಲ್ ಕೇಳು ಅಂದಿದ್ದೆನಲ್ಲ, ಕೇಳಿದೆಯಾ? ಅಮ್ಮ ಫೋನ್ ಮಾಡಿದರೆ ನಾನು ದಪ್ಪಗಾಗಿದ್ದೇನೆ ಅಂತ ಹೇಳಿಬಿಡು, ಖುಷಿಪಡುತ್ತಾಳೆ.

ನಾನು ಚೆನ್ನಾಗಿದ್ದೇನೆ. ಹಾಗಂತ ಬರೆದು ಎರಡು ಸಲ ಓದಿಕೊಂಡೆ. ಚೆನ್ನಾಗಿಲ್ಲ ಅಂತಲೂ ಅಲ್ಲ. ಏನೂ ಅನಿಸುತ್ತಿಲ್ಲ, ಅಷ್ಟೇ. ಕ್ಲಾಸಿಗೆ ಹೋಗುತ್ತೇನೆ, ನೋಟ್ಸ್ ಬರೆಯುತ್ತೇನೆ. ಬಕೆಟ್ ತುಂಬಿ ನೀರು ಹರಿಯುತ್ತಿದ್ದರೂ ನೋಡುತ್ತಾ ನಿಂತಿರುತ್ತೇನೆ. ನಿನ್ನೆ ಪಕ್ಕದ ರೂಮಿನವಳು "ಲೇ, ಯಾವ ಲೋಕದಲ್ಲಿದ್ದೀಯೇ? ನಿನ್ನ ನೀರು ನನ್ನ ಚಪ್ಪಲಿ ತೇಲಿಸ್ತಿದೆ" ಅಂತ ಕೂಗಿದ ಮೇಲೆ ನಲ್ಲಿ ತಿರುಗಿಸಿದೆ.

ಫೋನಿನಲ್ಲಾದರೆ ನೀನು ಮಧ್ಯದಲ್ಲೇ ಬೈಯಲು ಶುರು ಮಾಡುತ್ತೀ, ಅದಕ್ಕೇ ಈ ಕಾಗದ. ಎರಡು ತಿಂಗಳ ಹಿಂದೆ ಮೂತ್ರಕ್ಕೆ ಹೋದಾಗೆಲ್ಲ ಉರಿ ಶುರುವಾಯಿತು. ಒಂದು ವಾರ ಬಾಟಲಿಗಟ್ಟಲೆ ನೀರು ಕುಡಿದು ನೋಡಿದೆ. ಹೋಗಲಿಲ್ಲ. ಆಮೇಲೆ ಕಾಲೇಜಿನ ಹಿಂದಿನ ರಸ್ತೆಯ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಹೆಸರು ಕರೆಯುವುದಿಲ್ಲ, ಚೀಟಿಯ ನಂಬರ್ ಕರೆಯುತ್ತಾರೆ. ನಾನು ಮೂವತ್ತೊಂದು. ಟೆಸ್ಟಿನಲ್ಲಿ ಕ್ಲಮೈಡಿಯ ಅಂತ ಬಂತು. ಬ್ಯಾಕ್ಟೀರಿಯಾದಿಂದ ಬರುವ ಲೈಂಗಿಕ ಸೋಂಕು. ಹೂಂ ಅಕ್ಕಾ, ನೀನು ಈಗ ಅಂದುಕೊಂಡಿದ್ದು ಸರಿ. ಗಡಿಯಾರ. ಯಾವತ್ತೂ ಟೈಮಿಗೆ ಬಾರದವನು ಅಂತ ಕ್ಲಾಸಿನವರು ಹಾಗೆ ಕರೆಯುವ ಹುಡುಗ. ಬರೀ ಫ್ರೆಂಡ್ ಅಂತ ನಿನಗೆ ಸುಳ್ಳು ಹೇಳಿದ್ದೆ.

ನರ್ಸಮ್ಮ ಒಳ್ಳೆಯವರು. "ವಾಸಿಯಾಗೋ ಕಾಯಿಲೆ ಇದು, ತಲೆ ತಗ್ಗಿಸ್ಬೇಡ. ದಿನಕ್ಕೆ ಎರಡು ಮಾತ್ರೆ, ಏಳು ದಿನ, ಹದಿನಾಲ್ಕೂ ಮುಗಿಸ್ಬೇಕು. ಆ ಹುಡುಗನ್ನೂ ಕಳ್ಸು, ಅವನಿಗೆ ಬೇರೆ ಕೊಡ್ತೀವಿ. ಅಲ್ಲೀತನಕ ದೂರ ಇರಿ" ಅಂದರು. ಅವನು ಹೋಗಲೊಲ್ಲ. "ನಂಗೇನೂ ಆಗಿಲ್ವಲ್ಲ. ಅಲ್ಲಿ ಕೂತಿದ್ದು ಯಾರಾದ್ರೂ ನೋಡಿದ್ರೆ?" ನಾನೇನು ಮಾಡಿದೆ ಗೊತ್ತಾ? ಸ್ಟ್ರಿಪ್ಪನ್ನು ಕತ್ತರಿಯಿಂದ ನಟ್ಟನಡುವೆ ಕತ್ತರಿಸಿದೆ. ಅವನಿಗೆ ಏಳು, ನನಗೆ ಏಳು. ಅವನು ಕೇಳಿರಲಿಲ್ಲ. ನಾನು ಯೋಚಿಸಲೂ ಇಲ್ಲ. ಸ್ಕೂಲ್ ಹಾಸ್ಟೆಲಿನಲ್ಲಿ ನಾವು ಸೋಪನ್ನು ದಾರದಿಂದ ಕೊಯ್ದುಕೊಂಡವರಲ್ಲವಾ? ಇಬ್ಬರಿಗೂ ಜ್ವರ ಬಂದಾಗ ವಾರ್ಡನ್ ಕೊಟ್ಟ ಒಂದೇ ಮಾತ್ರೆಯನ್ನು ನೀನು ಉಗುರಿನಿಂದ ಮುರಿದು, ನನ್ನ ನಾಲಿಗೆ ಎತ್ತಿಸಿ ನೋಡುತ್ತಿದ್ದೆ. "ನುಂಗಿದ್ಯಾ? ಬಾಯಿ ತೆಗಿ."

ಉರಿ ಕಡಿಮೆಯಾಯಿತು. ಇಬ್ಬರಿಗೂ ವಾಸಿಯಾಯಿತು ಅಂದುಕೊಂಡೆವು. ಹೋದ ವಾರ ಮತ್ತೆ ಶುರು. ಮತ್ತೆ ಟೆಸ್ಟ್, ಮತ್ತೆ ಅದೇ. ಇವತ್ತು ಬೆಳಿಗ್ಗೆ ನರ್ಸಮ್ಮ "ಹದಿನಾಲ್ಕೂ ತಗೊಂಡ್ಯಾ?" ಅಂದರು. ಹೂಂ ಅಂದೆ. "ಹಾಗಾದ್ರೆ ಔಷಧೀನೇ ಹಿಡೀತಿಲ್ವೇನೋ, ಡಾಕ್ಟರನ್ನ ಕೇಳ್ತೀನಿ" ಅಂತ ಎದ್ದರು. ಬಾಗಿಲ ತನಕ ಹೋದವರನ್ನು ಕರೆದು ನಿಜ ಹೇಳಿದೆ. "ಅಯ್ಯೋ ಮಗಳೇ, ಇದೇನು ಚಾಕ್ಲೇಟಾ ಹಂಚ್ಕೊಂಡು ತಿನ್ನೋಕೆ? ಇಬ್ರಿಗೂ ವಾಸಿ ಆಗ್ಲಿಲ್ಲ, ಅಷ್ಟೇ" ಅಂದರು. ಬೈದಿದ್ದರೆ ಅಳುತ್ತಿದ್ದೆನೋ ಏನೋ. ಹೊಸ ಸ್ಟ್ರಿಪ್ ಕೊಟ್ಟರು. ಮೊದಲನೆಯದನ್ನು ಅವರ ಮುಂದೆಯೇ ನುಂಗಿ ಬಂದೆ.

ಭಾವನಿಗೆ ನಮಸ್ಕಾರ, ಈ ಕಾಗದ ಮಾತ್ರ ತೋರಿಸಬೇಡ. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ನೀನು ಸ್ಟೂಲ್ ಕೇಳು.

ನಿನ್ನ ಹಿಂದೆ ಹಿಂದೆಯೇ ಸುತ್ತುತ್ತಿದ್ದ,
ಬಾಲ

ಇನ್ನೊಂದು ಮಾತು: ಲಕೋಟೆ ಅಂಟಿಸುವಾಗ ಗಡಿಯಾರನ ಮೆಸೇಜ್ ಬಂತು. ಗೇಟಿನ ಹತ್ತಿರ ನಿಂತಿದ್ದಾನೆ, ಇವತ್ತು ಮಾತ್ರ ಟೈಮಿಗೆ ಸರಿಯಾಗಿ. ಅವನಿಗೂ ಉರಿಯಂತೆ. "ಈ ಸಲಾನೂ ಅರ್ಧ ಅರ್ಧ ಅಲ್ವಾ?" ಅಂತ ಕೇಳಿದ್ದಾನೆ. ಕತ್ತರಿಯನ್ನು ಪಕ್ಕದ ರೂಮಿನವಳಿಗೆ ಕೊಟ್ಟು, ಕ್ಲಿನಿಕ್ಕಿನ ಅಡ್ರೆಸ್ ಬರೆದ ಚೀಟಿ ಹಿಡಿದು ಕೆಳಗೆ ಹೋಗುತ್ತಿದ್ದೇನೆ. ಮಾತ್ರೆ ಇವತ್ತು ಕೊಡುವುದಿಲ್ಲ. ನಾಳೆ ಕೇಳಿದರೆ ಕೊಟ್ಟುಬಿಡುತ್ತೇನೆ ಅಂತ ಭಯ. ಕಾಗದ ನಿನಗೆ ತಲುಪುವಾಗ ನನ್ನ ಹತ್ತಿರ ಇನ್ನೂ ಹತ್ತು ಉಳಿದಿರಬೇಕು. ಅವತ್ತಿನಿಂದ ಅವು ಮುಗಿಯುವ ತನಕ ದಿನಾ ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ ವಿಡಿಯೋ ಕಾಲ್ ಮಾಡು. ಬೈಯಬೇಡ, ಸಮಾಧಾನವೂ ಬೇಡ. ಬಾಯಿ ತೆಗಿ ಅನ್ನು, ಸಾಕು.