ಮಗ್ಗ ಇರೂತನಕ

ಇಳಕಲ್,
೧೪ ಜುಲೈ ೨೦೨೫, ಸೋಮವಾರ

ಪ್ರೀತಿಯ ತಮ್ಮ ರಾಜಕುಮಾರನಿಗೆ ಅಕ್ಕ ಬೋರವ್ವನ ಆಶೀರ್ವಾದ.

ಬಾಗಲಕೋಟೆಯಲ್ಲಿ ನೀನು, ಮಕ್ಕಳು ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಹೆಂಡತಿಯ ಮೊಣಕಾಲು ನೋವು ಹೇಗಿದೆ? ಮೆಟ್ಟಿಲು ಹತ್ತುವ ಮನೆ ಬೇಡ ಎಂದಿದ್ದೆ. ನವನಗರದಲ್ಲಿ ಕೆಳಗಿನ ಮನೆಗೆ ಎರಡು ಸಾವಿರ ಹೆಚ್ಚು ಎಂದೆ ನೀನು. ಬಾದಾಮಿಯಲ್ಲಿ ನನ್ನ ಮಗಳು ರಾಜಶ್ರೀ, ಅವಳ ಕೂಸು ಇಬ್ಬರೂ ಚೆನ್ನಾಗಿದ್ದಾರೆ. ಕೂಸಿನ ಹಣೆ ನಿನ್ನ ಭಾವನದೇ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ, ಮೊಮ್ಮಗನನ್ನು ನೋಡಲಿಲ್ಲ.

ಫೋನಿನಲ್ಲಿ ನೀನು ಮಾತಾಡಿ ಮುಗಿಸುತ್ತೀ, ನಾನು ಹೂಂ ಅನ್ನುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಿತ್ತು. "ಸೋರು ಮನಿಗೆ ಬಾಣಂತಿ ಕರಕೊಂಡ ಬರಬ್ಯಾಡಕ್ಕ. ನೀನ ಬಾದಾಮಿಗೆ ಹೋಗು. ಅಷ್ಟರಾಗ ನಾ ಮಾಳಗಿ ರಿಪೇರಿ ಮಾಡಸ್ತೇನಿ" ಎಂದೆ ನೀನು. ನಾನು ನಿನ್ನ ಕೈಗೆ ಕೀಲಿ ಕೊಟ್ಟು ಹೋದೆ. ಅಲ್ಲಿ ಬೀಗಿತ್ತಿ, "ಬಾಣಂತನ ಮಾಡಾಕ ತವರಮನೀನ ನಮ್ಮ ಮನೀಗೆ ಬಂದೈತಿ ನೋಡ್ರಿ" ಎಂದು ಓಣಿಯವರೆದುರು ನಕ್ಕಳು. ನಾನೂ ನಕ್ಕೆ. "ನಮ್ಮ ತಮ್ಮ ಮನಿ ಹೊಸಾದ ಮಾಡಸಾಕ ಹತ್ತ್ಯಾನ್ರಿ" ಎಂದು ಹೆಮ್ಮೆಯಿಂದ ಹೇಳಿಕೊಂಡೆ.

ಎರಡು ತಿಂಗಳಾದ ಮೇಲೆ ಕಳೆದ ಬುಧವಾರ ಬಂದರೆ ಬಾಗಿಲಿಗೆ ಬೇರೆ ಬಣ್ಣ. ಯಾರೋ ಹುಡುಗಿ ಬಾಗಿಲು ತೆಗೆದು "ಯಾರ ಬೇಕಾಗಿತ್ರಿ ಅಕ್ಕಾರ?" ಎಂದಳು. ಸಾಯಿಮಾ ಅಂತ ಹೆಸರು. ಗಂಡನ ಹೆಸರು ಅಯಾನ, ಗ್ರಾನೈಟ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾನೆ. ನಿನಗೆ ಆರು ಸಾವಿರ ಬಾಡಿಗೆ ಕೊಡುತ್ತಾರಂತೆ. ನಾನು ಯಾರೆಂದು ತಿಳಿದ ಮೇಲೆ ಪಾಪ, ಚಹಾ ಮಾಡಿಕೊಟ್ಟಳು. ನಾನು ಹುಟ್ಟಿದ ಮನೆಯಲ್ಲಿ ಕುರ್ಚಿಯ ತುದಿಗೆ ಕೂತು ಕುಡಿದೆ. ಮುಂದಿನ ಖೋಲಿಗೆ ಬಿಳಿ ಟೈಲ್ಸ್ ಹಾಕಿಸಿದ್ದೀ. ಮಗ್ಗದ ಕುಣಿ ಇದ್ದ ಜಾಗದಲ್ಲಿ ಅವರ ಫ್ರಿಜ್ ನಿಂತಿದೆ. ಮನೆ ಅಳಿಯನಾಗಿ ಬಂದ ನಿನ್ನ ಭಾವ ಮೂವತ್ತು ವರ್ಷ ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದರು. ಅವರ ಹಿಮ್ಮಡಿ ತಾಗಿ ತಾಗಿ ಮಣ್ಣಿನ ಗೋಡೆಯಲ್ಲಿ ಎರಡು ಗುಳಿ ಬಿದ್ದಿದ್ದವು. ಅವರು ಹೋದ ಮೇಲೆ ನಾನು ಅಲ್ಲೇ ನನ್ನ ಕಾಲು ಇಟ್ಟು ನೇಯುತ್ತಿದ್ದೆ. ಮಗ್ಗದ ಮೇಲಿದ್ದ ಸೀರೆಗೆ ಸೆರಗೊಂದೇ ಬಾಕಿ ಇತ್ತು. ಅದನ್ನು ಕತ್ತರಿಯಿಂದ ಕೊಯ್ದು ಸುತ್ತಿ, ಮಗ್ಗದ ಕಟ್ಟಿಗೆಗಳ ಜೊತೆ ಪಕ್ಕದ ಮನೆಯ ತಸ್ಲೀಮಾಳ ಆಡಿನ ಕೊಟ್ಟಿಗೆಯಲ್ಲಿ ಹಾಕಿಸಿದ್ದೀ. "ನಿನ್ನ ತಮ್ಮ ಭಾಳ ಶಾಣ್ಯಾ ಬಿಡವ್ವ, ಅಕ್ಕನ್ನ ಹೊರಗ ಹಾಕಿ ಟೈಲ್ಸ್ ಒಳಗ ತಂದಾನ" ಎಂದಳು ತಸ್ಲೀಮಾ. ಈಗ ಅವಳ ಮನೆಯಲ್ಲೇ ಇದ್ದೇನೆ.

ಅಂದು ಫೋನಿನಲ್ಲಿ ನೀನು ಅಂದದ್ದು ಕಿವಿಯಲ್ಲೇ ಇದೆ: "ನವನಗರದಾಗ ನಾ ಒಂಬತ್ತ ಸಾವಿರ ಬಾಡಗಿ ಕಟ್ಟತೇನಿ. ನಿನಗೇನಕ್ಕ, ಇಳಕಲ್ಲ ಸಸ್ತಾ ಊರು. ಎರಡ ಸಾವಿರಕ್ಕ ಖೋಲಿ ಸಿಗತೈತಿ." ಊರು ಸಸ್ತಾ ಇರುವುದು ಖರೆ. ಆದರೆ ಈ ಊರಿನಲ್ಲಿ ನನ್ನ ಕೂಲಿಯೂ ಸಸ್ತಾ. ಗ್ಯಾಸಿನವನು, ಔಷಧ ಅಂಗಡಿಯವನು ಇಳಕಲ್ ಎಂದು ನನಗೆ ಕಡಿಮೆ ಹಿಡಿಯುವುದಿಲ್ಲ. ಆದರೂ ಹುಡುಕಿದೆ. ಐದು ಖೋಲಿ ನೋಡಿದೆ, ಹುನಗುಂದಕ್ಕೂ ಹೋಗಿ ಬಂದೆ. ಮಗ್ಗ ಎಂದ ಕೂಡಲೇ "ಗ್ವಾಡಿ ಅದರತಾವ, ಬ್ಯಾಡ್ರಿ" ಅನ್ನುತ್ತಾರೆ. ಹುನಗುಂದದ ಮುದುಕನೊಬ್ಬ, "ನೆಲಾ ಅಗಿಯೂದಿದ್ರ ಬಾಡಗಿ ಯಾಕವ್ವ, ಮನೀನ ಕೊಂಡಬಿಡು" ಎಂದು ಚೇಷ್ಟೆ ಮಾಡಿದ. ಎರಡು ಸಾವಿರಕ್ಕೆ ಮಲಗಲು ಜಾಗ ಸಿಗುತ್ತದೆ, ತಮ್ಮಾ. ಆ ಎರಡು ಸಾವಿರ ದುಡಿಯಲು ಜಾಗ ಸಿಗುವುದಿಲ್ಲ.

ನಿನಗೆ ಬಾಡಿಗೆ ಭಾರವಾಗಿದ್ದರೆ ನನಗೆ ಹೇಳಬಹುದಿತ್ತು. ಹಿಂದಿನ ಎರಡು ಖೋಲಿ ಬಾಡಿಗೆಗೆ ಕೊಟ್ಟು, ನಾನು ಮಗ್ಗದ ಪಕ್ಕದಲ್ಲೇ ಮಲಗುತ್ತಿದ್ದೆ. ನೀನು ಹಿಂದಿನದನ್ನು ಮುಟ್ಟಲಿಲ್ಲ, ಮಾಳಿಗೆಯನ್ನೂ ಮುಟ್ಟಲಿಲ್ಲ. ಅದು ಇನ್ನೂ ಸೋರುತ್ತಿದೆ. ನಾಲ್ಕು ದಿನ ಅದನ್ನೇ ಯೋಚಿಸಿದೆ. ಅಪ್ಪ ಸಾಯುವ ಮುಂಚೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರಲ್ಲ, "ಮಗ್ಗ ಇರೂತನಕ ಮುಂದಿನ ಖೋಲಿ ಬೋರವ್ವಂದು" ಎಂದು. ಆ ಮಾತು ನನಗೆ ಮರೆತೇಹೋಗಿತ್ತು. ನೀನು ಮರೆತಿರಲಿಲ್ಲ.

ಮಕ್ಕಳಿಗೆ ನನ್ನ ಮುದ್ದು ಮುಟ್ಟಿಸು. ಅವರು ಚೆನ್ನಾಗಿ ಓದಲಿ. ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಲು ಹೇಳು. ಬೀರಪ್ಪ ದೇವರು ನಿಮ್ಮನ್ನು ಕಾಯಲಿ.

ನಿನ್ನ ಅಕ್ಕ,
ಬೋರವ್ವ

ತಾ.ಕ.: ನಮ್ಮ ಓಣಿಯ ನಿಂಗರಾಜ ನಾಳೆ ಬೆಳಗಿನ ಮೊದಲ ಬಸ್ಸಿಗೆ ಬಾಗಲಕೋಟೆಗೆ ಹೊರಟಿದ್ದಾನೆ, ಪತ್ರ ಅವನ ಕೈಯಲ್ಲಿ ಕೊಡುತ್ತೇನೆ. ಅವನು ನಿನ್ನ ಮನೆ ಮುಟ್ಟುವ ಹೊತ್ತಿಗೆ ಇಲ್ಲಿ ಮಗ್ಗದ ಕುಣಿಗಾಗಿ ಟೈಲ್ಸ್ ಕಿತ್ತಿರುತ್ತಾರೆ. ಇಬ್ಬರು ಆಳುಗಳಿಗೆ ಹೇಳಿದ್ದೇನೆ. ಸಾಯಿಮಾ ಒಪ್ಪಿದ್ದಾಳೆ: "ನಮಗ ಎರಡ ಖೋಲಿ ಸಾಕ್ರಿ ಅಕ್ಕಾರ, ಬಾಡಗಿ ಮೂರ ಸಾವಿರ ಅಂತ ನಿಮ್ಮ ತಮ್ಮಗ ನೀವ ಹೇಳ್ರಿ" ಎಂದಳು. ಹೇಳಿದ್ದೇನೆ. ತಡೆಯುವುದಿದ್ದರೆ ಫೋನು ಮಾಡಬೇಡ. ನೀನೇ ಬಂದು, ನನ್ನ ಎದುರು ನಿಂತು, ಅಪ್ಪ ಹಾಗೆ ಹೇಳಿರಲಿಲ್ಲ ಅನ್ನು.