ಹೂಮಳೆಗೆ ಹೊಡೆದ ಚಪ್ಪಾಳೆ

ಹೆತ್ತೂರು
೧೨ ಮಾರ್ಚ್ ೨೦೨೫, ಬುಧವಾರ

ಪ್ರೀತಿಯ ಲೀಲಾ,

ನಾನು ಇಲ್ಲಿ ಆರೋಗ್ಯವಾಗಿದ್ದೇನೆ, ಕುತ್ತಿಗೆಯೊಂದನ್ನು ಬಿಟ್ಟು. ಅದರ ಕಥೆ ಮುಂದೆ ಬರುತ್ತದೆ. ನಿನ್ನ ಮಂಡಿನೋವು ಹೇಗಿದೆ? ಅರಸೀಕೆರೆಯ ಬಿಸಿಲಿಗೆ ಸ್ವಲ್ಪ ಹಗುರಾಗಿರಬೇಕು. ಮೋನಿಕಾ ಬಾಣಂತಿ ಖಾರ ಬೇಡವೆಂದು ಮುಖ ತಿರುಗಿಸುತ್ತಾಳೆ ಎಂದಿದ್ದೆ. ಅವಳನ್ನು ಹೆತ್ತಾಗ ನೀನೂ ನಮ್ಮವ್ವನಿಗೆ ಹೀಗೇ ಕಾಟ ಕೊಟ್ಟಿದ್ದೆ, ಆದ್ದರಿಂದ ಮಗಳನ್ನು ಬೈಯಬೇಡ. ಅಳಿಯಂದಿರು ಕಳಿಸಿದ ಫೋಟೊ ನೋಡಿ ನಮ್ಮ ಪಕ್ಕದ ತೋಟದ ಕೃಷ್ಣಪ್ಪ, ಮಗುವಿನ ಮೂಗು ತಾತನದೇ ಎಂದ. ಹೆಣ್ಣು ಮಗು, ಬೆಳೆಯುತ್ತಾ ಸರಿಹೋದೀತು. ದಿನಾ ಸಂಜೆ ಫೋನು ಮಾಡುವವನು ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ಮೊದಲ ಮಾತಿಗೇ ನೀನು ಬೈಯಲು ಶುರು ಮಾಡುತ್ತೀಯ, ನಾನು ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದದಲ್ಲಿ ಕೊನೆಯವರೆಗೂ ನಾನೊಬ್ಬನೇ ಮಾತಾಡಬಹುದು. ಮದುವೆಯಾಗಿ ಮೂವತ್ತೆರಡು ವರ್ಷಕ್ಕೆ ಇದೇ ಮೊದಲು.

ನೀನು ರೈಲು ಹತ್ತಿ ಕಿಟಕಿಯಿಂದ ಹೇಳಿದ ಮಾತು ಮರೆತಿಲ್ಲ. "ಟೆನಿಸ್ ಸುಮನಾ ನಮ್ ಕಡೆ ಮೂರ್ ಪ್ರದರ್ಶನದ ಆಟ ಆಡ್ತಾಳೆ ಅಂತ ಪೇಪರ್‌ನಾಗೆ ಬಂದೈತೆ. ನಾನು ಬಾಣಂತನಕ್ಕೆ ಸಿಕ್ಕಾಕ್ಕಂಡೆ. ನೀವು ಮೂರ್ಕೂ ಹೋಗ್ರೀ. ಕೊನೇದ್ರಲ್ಲಿ ಆಕೆ ಹತ್ರ ಹೋಗಿ, ಹೆತ್ತೂರಿನ ಶಿವಲೀಲಾ ಬರ್ದ ಕಾಗ್ದಗಳು ಸಿಕ್ಕಿದ್ವಾ ಅಂತ ಒಂದೇ ಒಂದ್ ಮಾತು ಕೇಳ್ಕಂಡ್ ಬನ್ನಿ." ಹೂಂ ಎಂದೆ. ಟೀವಿಯಲ್ಲಿ ಆಕೆ ಆಡುವಾಗ ನೀನು ಹಂಚಿನ ಮೇಲೆ ಸೀಸಿದ ಅಕ್ಕಿರೊಟ್ಟಿಗಳನ್ನೆಲ್ಲ ತಿಂದವನು ನಾನು, ಬೇರೆ ಇನ್ನೇನು ಹೇಳಲಿ? ಆದರೆ ಆ ಒಂದೇ ಒಂದು ಮಾತನ್ನು ನೆನೆದಾಗಲೆಲ್ಲ ಸ್ಟೋರಿನ ಬೀಗ ಹಾಕಿದೆಯೇ ಎಂದು ನೋಡಿ ಬರುತ್ತಿದ್ದೆ. ಯಾಕೆಂದು ಈಗ ಕೇಳಬೇಡ.

ಮೊದಲ ಆಟ ಮೂಡಿಗೆರೆಯಲ್ಲಿ. ಕೃಷ್ಣಪ್ಪನ ಜೀಪಿನಲ್ಲಿ ಹೋದೆವು. ಅವನು ಟೆನಿಸ್ ನೋಡಿದವನಲ್ಲ, ನಾನೂ ನಿನ್ನ ಭಯಕ್ಕೆ ನೋಡಿದವನು. ಹದಿನೈದು, ಮೂವತ್ತು ಆದ ಮೇಲೆ ನಲವತ್ತೈದು ತಾನೇ ಬರಬೇಕು? ನಲವತ್ತು ಎಂದು ಕೂಗಿದ್ದಕ್ಕೆ ಕೃಷ್ಣಪ್ಪ ಎದ್ದು ನಿಂತು, "ಐದು ಎಲ್ಲಿ ಹೋಯ್ತು ಸ್ವಾಮಿ?" ಎಂದು ಎತ್ತರದ ಕುರ್ಚಿಯವನನ್ನು ಕೇಳಿಯೇಬಿಟ್ಟ. ಆಮೇಲೆ ಸಾವಿನ ಮನೆಯಂಥ ಮೌನ. ಆಕೆ ಸರ್ವ್ ಮಾಡಲು ಚೆಂಡು ಮೇಲೆ ಎಸೆಯುವ ಹೊತ್ತಿಗೆ ಸರಿಯಾಗಿ ಈ ಮಾರಾಯ ಜೇಬಿನಿಂದ ಸೌತೆಕಾಯಿ ತೆಗೆದು ಕಚ್ಚಿದ. ಆ ಸದ್ದು ಹೊಂಗಡಹಳ್ಳಕ್ಕೂ ಕೇಳಿಸಿರಬೇಕು. ಆಕೆ ಚೆಂಡು ಕೈಗೆ ತೆಗೆದುಕೊಂಡು ತಿರುಗಿ ನೋಡಿದಳು. ನಾನು ಕೃಷ್ಣಪ್ಪನ ಪಕ್ಕದಲ್ಲಿ ಕೂತಿಲ್ಲವೆಂಬಂತೆ ಬೇರೆ ಕಡೆ ನೋಡಿದೆ.

ಎರಡನೆಯ ಆಟಕ್ಕೆ ಮಡಿಕೇರಿಗೆ ಹೋಗುವ ಹೊತ್ತಿಗೆ ಸ್ವಲ್ಪ ಪಳಗಿದ್ದೆವು. ಚೆಂಡಿನ ಜೊತೆ ತಲೆ ಎಡಕ್ಕೆ ಬಲಕ್ಕೆ ತಿರುಗಿಸಬೇಕು ಎಂದು ನೀನು ಹೇಳಿಕೊಟ್ಟಿದ್ದನ್ನು ಎರಡು ಗಂಟೆ ಕಾಲ ಶ್ರದ್ಧೆಯಿಂದ ಮಾಡಿದೆ, ಅಲ್ಲೇ ಕುತ್ತಿಗೆ ಹಿಡಿದುಕೊಂಡದ್ದು. ಮನೆಕೆಲಸದ ಗಂಗಾಮಣಿ ದಿನಾ ಎಣ್ಣೆ ಕಾಯಿಸಿಕೊಡುತ್ತಿದ್ದಾಳೆ. ಆದರೆ ಲೀಲಾ, ಒಂದು ಮಾತು ಹೇಳುತ್ತೇನೆ, ನಗಬೇಡ. ಆಕೆಗೆ ನಲವತ್ನಾಲ್ಕು ವರ್ಷವಂತೆ. ಮಂಡಿಗೆ ಪಟ್ಟಿ. ಎದುರಿಗೆ ರೇವಂತ್ ಅಂತ ಇಪ್ಪತ್ತೆರಡರ ಹುಡುಗ, ಗೂಳಿಯ ಹಾಗೆ ಹೊಡೆಯುತ್ತಾನೆ. ಅವನು ಅಷ್ಟು ಜೋರಾಗಿ ಹೊಡೆದದ್ದನ್ನು ಆಕೆ ಬ್ಯಾಟಿನಿಂದ ಸುಮ್ಮನೆ ಮುಟ್ಟಿದಳು. ಚೆಂಡು ನೆಟ್ ದಾಟಿ ಅಲ್ಲೇ ಬಿತ್ತು. ಹುಡುಗ ಓಡಿ ಬರುವಷ್ಟರಲ್ಲಿ ಅದು ಎರಡು ಸಲ ಕುಣಿದು ಸುಮ್ಮನಾಗಿತ್ತು. ನನಗೆ ಗೊತ್ತಿಲ್ಲದೆಯೇ ಎದ್ದು ನಿಂತಿದ್ದೆ. ನೀನು ಇಷ್ಟು ವರ್ಷ ರೊಟ್ಟಿ ಸೀಸಿದ್ದು ಯಾಕೆಂದು ಆವತ್ತು ಅರ್ಥವಾಯಿತು. ಬ್ಯಾಟಲ್ಲ, ರ‍್ಯಾಕೆಟ್ ಎಂದು ನೀನು ತಿದ್ದುತ್ತೀಯ, ಗೊತ್ತು.

ಇನ್ನು ಸಕಲೇಶಪುರದ್ದು. ಕಳೆದ ಶನಿವಾರ. ಇದನ್ನು ಓದುವ ಮೊದಲು ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಕೂತುಕೋ. ನವೆಂಬರಿನಿಂದ ಒಂದು ಹನಿ ಮಳೆಯಿಲ್ಲ, ಗಿಡಗಳೆಲ್ಲ ಎಲೆ ಇಳಿಬಿಟ್ಟು ನಿಂತಿದ್ದವು, ಈ ವಾರವೂ ಮೊಗ್ಗು ಅರಳಿಸುವ ಹೂಮಳೆ ಬೀಳದಿದ್ದರೆ ಮುಂದಿನ ವರ್ಷ ಕಾಫಿ ಎಂಬುದು ಲೋಟದಲ್ಲೂ ಸಿಗುವುದಿಲ್ಲ ಎನ್ನುವ ಹಾಗಿತ್ತು. ಮುನ್ನೂರು ಜನ ಸೇರಿದ್ದೆವು, ಮುನ್ನೂರೂ ಬೆಳೆಗಾರರೇ. ಕಣ್ಣು ಆಟದ ಮೇಲೆ, ಮನಸ್ಸು ಮೋಡದ ಮೇಲೆ. ಮೊದಲ ಸೆಟ್ ಆಕೆ ಗೆದ್ದಳು. ಎರಡನೆಯದು ಐದು ಐದು. ಆಕೆ ಹಿಂದಕ್ಕೆ ಓಡಿ ಎತ್ತರದ ಚೆಂಡೊಂದನ್ನು ಹೊಡೆಯಲು ಹೋದಳು, ಕಾಲು ಜಾರಿತು, ಬಿದ್ದಳು. ಸರಿಯಾಗಿ ಅದೇ ಗಳಿಗೆಯಲ್ಲಿ ನನ್ನ ಬೋಳುತಲೆಯ ಮೇಲೆ ದಪ್ಪನೆಯ ಹನಿಯೊಂದು ಟಪ್ ಎಂದಿತು. ಕೃಷ್ಣಪ್ಪ, "ಬಂತು ಕಣೋ ದೇವೀರ, ಬಂದ್ಬುಡ್ತು!" ಎಂದು ಕಿರುಚಿದ. ನಾನು ಎದ್ದು ಚಪ್ಪಾಳೆ ಹೊಡೆದೆ. ಹೌದು, ಮೊದಲು ಹೊಡೆದವನು ನಾನೇ. ನನ್ನ ಹಿಂದೆ ಮುನ್ನೂರು ಜನ ಎದ್ದು ಚಪ್ಪಾಳೆ, ಶಿಳ್ಳೆ, ಕೇಕೆ. ಆಮೇಲೆ ಎಲ್ಲರೂ ಅಂಕಣಕ್ಕೆ ಬೆನ್ನು ಹಾಕಿ ಆಕಾಶ ನೋಡುತ್ತಾ, ಫೋನಿನಲ್ಲಿ ಮನೆಯವರಿಗೆ, "ನಮ್ ತಾವ ಎಷ್ಟ್ ಸೆಂಟು ಮಳೆ? ಎಷ್ಟ್ ಸೆಂಟು?" ಎಂದು ಅರಚತೊಡಗಿದರು. ನಾನೂ ಗಂಗಾಮಣಿಗೆ ಫೋನು ಮಾಡಿ ಮಳೆಮಾಪಕ ನೋಡಲು ಓಡಿಸಿದೆ. ತಿರುಗಿ ನೋಡಿದಾಗ ಆಕೆ ಕೆಸರಾದ ಮಂಡಿಯಲ್ಲಿ ಒಬ್ಬಳೇ ಎದ್ದು ನಿಂತು ನಮ್ಮ ಬೆನ್ನುಗಳನ್ನು ನೋಡುತ್ತಿದ್ದಳು. ತಾನು ಬಿದ್ದದ್ದಕ್ಕೆ ಜನ ಹೀಗೆ ಕುಣಿಯುತ್ತಿದ್ದಾರೆಂದು ತಿಳಿದುಕೊಂಡಳು. ಬ್ಯಾಗು ಎತ್ತಿಕೊಂಡು ಒಳಗೆ ಹೋದವಳು ಹೊರಗೆ ಬರಲಿಲ್ಲ.

ನಮ್ಮ ತೋಟಕ್ಕೆ ಎಂಬತ್ತೈದು ಸೆಂಟು ಬಿದ್ದಿತ್ತು, ನೂರಾದರೆ ಒಂದಿಂಚು. ಬೇರೆ ವರ್ಷವಾಗಿದ್ದರೆ ಪಾಯಸ ಮಾಡಿಸುತ್ತಿದ್ದೆ. ಆವತ್ತು ಊಟ ಸೇರಲಿಲ್ಲ. ಆಕೆ ಬೆಳಿಗ್ಗೆ ಹೊರಟುಹೋಗುತ್ತಾಳಂತೆ, ಇನ್ನು ಈ ಕಡೆ ಕಾಲಿಡುವುದಿಲ್ಲವಂತೆ ಎಂದು ಸುದ್ದಿ ಬಂತು. ನಿನಗೆ ಏನೆಂದು ಹೇಳಲಿ? ಇಪ್ಪತ್ತು ವರ್ಷ ನೀನು ಮೆಚ್ಚಿಕೊಂಡವಳನ್ನು ನಿನ್ನ ಗಂಡನೇ ಅವಮಾನ ಮಾಡಿ ಓಡಿಸಿದ ಎಂದೇ? ಶನಿವಾರ ನೀನು ಫೋನಿನಲ್ಲಿ ಕೇಳಿದಾಗ, ಮಳೆ ಬಂದು ಆಟ ನಿಂತಿತು ಎಂದಷ್ಟೇ ಹೇಳಿದ್ದೆ. ಸುಳ್ಳಲ್ಲ, ಅರ್ಧ ನಿಜ.

ಭಾನುವಾರ ಬೆಳಗಾಗುತ್ತಲೇ ಕೃಷ್ಣಪ್ಪನನ್ನು ಎಬ್ಬಿಸಿಕೊಂಡು ಆಕೆ ಇಳಿದಿದ್ದ ದೋಣಿಗಲ್ಲಿನ ಬಂಗಲೆಗೆ ಹೋದೆ. ಮಂಡಿಯ ಮೇಲೆ ಮಂಜುಗಡ್ಡೆ ಇಟ್ಟುಕೊಂಡು ಕೂತಿದ್ದಳು, ಪಕ್ಕದಲ್ಲಿ ಕಟ್ಟಿಟ್ಟ ಪೆಟ್ಟಿಗೆ. ನಾನು ನಿಂತೇ ಹೂಮಳೆಯ ವಿಚಾರವನ್ನೆಲ್ಲ ಹೇಳಿದೆ, ಮೊಗ್ಗು, ಹೂವು, ಕಾಯಿ, ಒಂದೂ ಬಿಡಲಿಲ್ಲ. ಆಕೆ ಸಮಾಧಾನವಾಗಿ ಕೇಳಿ, "ಹಾಗಾದ್ರೆ ನಾನು ಬಿದ್ದಿದ್ದು ನೋಡಿ ಯಾರೂ ನಗಲಿಲ್ವಾ?" ಎಂದಳು. ನಾನು ಧೈರ್ಯ ತುಂಬಲೆಂದು, "ಇಲ್ಲಮ್ಮ, ನಿಮ್ಮನ್ನ ಯಾರೂ ನೋಡ್ಲೇ ಇಲ್ಲ" ಎಂದೆ. ಕೃಷ್ಣಪ್ಪ ನನ್ನ ಕಾಲು ತುಳಿದ. ಅವನ ಬುದ್ಧಿಗೂ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಆಕೆ ಮುಖ ತಿರುಗಿಸಿ ಡ್ರೈವರನ್ನು ಕರೆದಳು.

ಆಗ ನನ್ನ ಚೀಲದಲ್ಲಿದ್ದ ಒಂದು ಗಂಟನ್ನು ಆಕೆಯ ಮುಂದಿಟ್ಟೆ. ಬೇರೆ ದಾರಿ ಇರಲಿಲ್ಲ. ಅದರಲ್ಲಿ ಏನಿತ್ತೆಂದು ಸಹಿ ಮಾಡಿದ ಮೇಲೆ ಬರೆಯುತ್ತೇನೆ, ಧೈರ್ಯ ಉಳಿದಿದ್ದರೆ. ಒಂದು ಗಂಟೆ ನಾವು ಮೆಟ್ಟಿಲ ಮೇಲೆ ಕೂತಿದ್ದೆವು. ಹೊರಗೆ ಬಂದಾಗ ಆಕೆಯ ಕಣ್ಣು ಕೆಂಪಗಿದ್ದವು, ಬಾಯಿ ನಗುತ್ತಿತ್ತು. ಮೊದಲು ಕೇಳಿದ್ದು, "ಶಿವಲೀಲಾ ಅವರು ಊರಿಗೆ ಯಾವಾಗ ಬರ್ತಾರೆ?" ಎಂದು. ಎರಡನೆಯದು, "ಐದು ಐದಕ್ಕೆ ನಿಂತ ಸೆಟ್ ಅವರ ಮುಂದೆ ಮುಗಿಸಬೇಕು. ನಿಮ್ಮಲ್ಲಿ ಎಲ್ಲಾದ್ರೂ ಸಮ ಜಾಗ ಇದೆಯಾ?" ಎಂದು. ಸಕಲೇಶಪುರದ ಅಂಕಣ ಕೆಸರುಗದ್ದೆಯಾಗಿದೆ. ನಮ್ಮ ಬೆಟ್ಟದಲ್ಲಿ ಸಮವಾಗಿರುವುದು ಕಾಫಿ ಒಣಗಿಸುವ ಕಣ ಒಂದೇ. ನಮ್ಮ ಕಣ, ಅಂದರೆ ನಿನ್ನ ಕಣ, ಸಿಮೆಂಟಿನದು, ಕನ್ನಡಿಯಂತಿದೆ ಎಂದುಬಿಟ್ಟೆ.

ಚಪ್ಪಲಿ ಹಾಕಿಕೊಂಡು ಕಣ ತುಳಿದರೆ ನೀನು ನೆಂಟರನ್ನೂ ಬಿಡುವವಳಲ್ಲ. ಅಂಥದ್ದರಲ್ಲಿ ಬೂಟು ಹಾಕಿಕೊಂಡು ಓಡಾಡುವುದು! ಇಪ್ಪತ್ಮೂರನೇ ತಾರೀಕು ಭಾನುವಾರ ಎಂದು ಮಾತಾಗಿದೆ. ಅಳೆದು ನೋಡಿದೆ, ಉದ್ದಕ್ಕೆ ಎರಡಡಿ ಕಮ್ಮಿ. ಪರವಾಗಿಲ್ಲ, ಮಂಡಿಗೆ ಒಳ್ಳೆಯದೇ ಎಂದಳು. ಚೆಂಡು ಕೆಳಗಿನ ತೋಟಕ್ಕೆ ಹಾರಿದರೆ ಹುಡುಕಲು ಕೃಷ್ಣಪ್ಪನನ್ನು ನಿಲ್ಲಿಸುತ್ತೇನೆ, ಸೌತೆಕಾಯಿಯ ಸದ್ದೂ ಅಲ್ಲಿಂದ ಕೇಳಿಸದು. ಒಂದೇ ತೊಡಕು ಗಂಗಾಮಣಿ. ಕಣದಲ್ಲಿ ಹರಡಿದ ಮೆಣಸು ತೆಗೆದಿಲ್ಲ, ಸುಣ್ಣದ ಡಬ್ಬ ಬಚ್ಚಿಟ್ಟಿದ್ದಾಳೆ. "ಅಮ್ಮಾವ್ರು ಹೂಂ ಅನ್ನೋಗಂಟ ಒಂದ್ ಗೆರೆನೂ ಎಳೆಯಂಗಿಲ್ಲ" ಎಂದು ಪೊರಕೆ ಹಿಡಿದು ನಿಂತಿದ್ದಾಳೆ. ಇತ್ತ ಆಲೂರಿನ ಬೆಳೆಗಾರರಿಗೆ ಬಿದ್ದದ್ದು ಎಂಟೇ ಸೆಂಟು. ಸುಮನಾ ಆಡಿದಲ್ಲಿ ಮಳೆ ಬರುತ್ತದೆಂದು ಅವರಿಗೆ ನಂಬಿಕೆ ಬಂದುಬಿಟ್ಟಿದೆ. ಒಂದಾಟ ನಮ್ಮ ಕಡೆಯೂ ಆಡಿಸಿ ಎಂದು ಬಾಳೆಗೊನೆ ಸಮೇತ ನಮ್ಮ ಜಗಲಿಗೆ ಬಂದಿದ್ದರು. ಹನಿ ಬಿದ್ದರೂ ಯಾರೂ ಚಪ್ಪಾಳೆ ಹೊಡೆಯಕೂಡದು ಎಂದು ಎಲ್ಲರಿಂದ ಮಾತು ತೆಗೆದುಕೊಂಡಿದ್ದೇನೆ. ನನ್ನ ಮೇಲೇ ನನಗೆ ನಂಬಿಕೆಯಿಲ್ಲ.

ಯುಗಾದಿಗೆ ಬರುತ್ತೇನೆ ಎಂದಿದ್ದೆ ನೀನು. ಎರಡು ವಾರ ಮುಂಚೆಯೇ ಬಾ. ಬೀಗಿತ್ತಿಯವರು ನಾಲ್ಕು ದಿನ ಬಾಣಂತಿಯನ್ನು ನೋಡಿಕೊಂಡಾರು. ಮೊಗ್ಗು ಊದಿಕೊಂಡಿವೆ, ಸೋಮವಾರದ ಹೊತ್ತಿಗೆ ತೋಟ ಬೆಳ್ಳಗಾಗುತ್ತದೆ. ನೀನಿಲ್ಲದೆ ಹೂವು ನೋಡಿದರೆ ನನಗೆ ಏನೋ ಕಳೆದುಕೊಂಡಂತೆ. ಮೋನಿಕಾಗೆ ಖಾರ ತಿನ್ನಲು ನಾನು ಹೇಳಿದೆನೆಂದು ಹೇಳು, ಅಳಿಯಂದಿರಿಗೆ ನಮಸ್ಕಾರ, ನನ್ನ ಮೂಗಿನ ಮೊಮ್ಮಗಳಿಗೆ ಸಿದ್ಧೇಶ್ವರ ನೂರು ವರ್ಷ ಆಯುಸ್ಸು ಕೊಡಲಿ.

ನಿನ್ನ,
ದೇವೀರಪ್ಪ

ತಾ.ಕ.: ಧೈರ್ಯ ಉಳಿದಿಲ್ಲ, ಆದರೂ ಬರೆಯುತ್ತೇನೆ. ಆ ಗಂಟಿನಲ್ಲಿದ್ದದ್ದು ನೀನು ಸುಮನಾಗೆ ಬರೆದ ಹನ್ನೊಂದು ಕಾಗದ. ಪೋಸ್ಟ್ ಮಾಡಿ ಎಂದು ನನ್ನ ಕೈಗೆ ಕೊಟ್ಟಿದ್ದೆಯಲ್ಲ, ಒಂದನ್ನೂ ಮಾಡಿರಲಿಲ್ಲ. ಮೊದಲನೆಯದರ ಮೇಲೆ ಬರೀ ಹೆಸರು, ಟೆನಿಸ್ ಆಟಗಾರ್ತಿ, ಬೆಂಗಳೂರು ಎಂದಿತ್ತು. ಪೋಸ್ಟಾಫೀಸಿನ ಬಾಲು ನಗುತ್ತಾನೆಂದು ನಾಚಿಕೆಯಾಗಿ ಸ್ಟೋರಿನ ತಗಡಿನ ಪೆಟ್ಟಿಗೆಯಲ್ಲಿಟ್ಟೆ. ಮೊದಲನೆಯದೇ ಹೋಗಿಲ್ಲ, ಎರಡನೆಯದು ಹೇಗೆ ಕಳಿಸಲಿ ಎಂದು ಅದನ್ನೂ ಇಟ್ಟೆ. ಹೀಗೇ ಹನ್ನೊಂದಾಯಿತು. ಉತ್ತರ ಬಂತಾ ಎಂದು ನೀನು ಕೇಳುತ್ತಿದ್ದೆ, ದೊಡ್ಡವರಿಗೆ ಪುರುಸೊತ್ತಿರುವುದಿಲ್ಲ ಎಂದು ನಾನು ಹೇಳುತ್ತಿದ್ದೆ. ಒಮ್ಮೆ ನೀನು, "ನನ್ ಬರವಣಿಗೆ ಚೆನ್ನಾಗಿಲ್ವೇನೋ ಬಿಡ್ರೀ" ಎಂದೆ. ಆವತ್ತೇ ಹೇಳಬೇಕಿತ್ತು. ತಪ್ಪಾಯಿತು, ಲೀಲಾ. ಆಕೆಯ ಮಂಡಿ ಆಪರೇಷನ್ ಆದಾಗ, "ಬೇಜಾರಾಗಬೇಡಿ, ಬೆಳಿಗ್ಗೆ ಎದ್ದು ಒಂದು ರೊಟ್ಟಿ ಜಾಸ್ತಿ ತಿನ್ನಿ, ನಾನಿದ್ದೇನೆ ನೋಡಲು" ಎಂದು ಬರೆದಿದ್ದೆಯಲ್ಲ, ಅದನ್ನು ಕೈಯಲ್ಲಿ ಹಿಡಿದು, "ಇದು ಆವತ್ತೇ ಸಿಕ್ಕಿದ್ರೆ ಇನ್ನೊಂದು ವರ್ಷ ಆಡ್ತಿದ್ದೆ" ಎಂದಳು. ನನಗೆ ತಲೆ ಎತ್ತಲಾಗಲಿಲ್ಲ. ಆಕೆಯ ಉತ್ತರ ಇದರ ಜೊತೆಗಿದೆ, ಅಂಟಿಸಿದ ಲಕೋಟೆ, ಒಡೆದು ನೋಡಿಲ್ಲ, ನಿನ್ನಾಣೆ. ಈ ಸಲ ಬಾಲುವಿನ ಕೈಗೇ ಕೊಟ್ಟು ರಸೀದಿ ತೆಗೆದುಕೊಂಡೇ ಮನೆಗೆ ಬರುತ್ತೇನೆ. ಬೈಯುವುದಿದ್ದರೆ ಬಂದು ಬೈ. ಕಾಗದದಲ್ಲೇ ಬೈಯುತ್ತೇನೆ ಎನ್ನುವುದಾದರೆ, ಅದನ್ನು ಅಳಿಯಂದಿರ ಕೈಗೆ ಕೊಡಬೇಡ. ನೀನೇ ಹೋಗಿ ಡಬ್ಬಕ್ಕೆ ಹಾಕು.